ಇಂಗ್ಲೆಂಡ್‌ನಲ್ಲಿ ಮನೆ ಕೊಳ್ಳುವಾಗ ಬೇಗ ಆಗಲಿ ಅಂತ ಕೊಟ್ಟ 360 ಪೌಂಡ್

ನಾವು ರೆಡಿಂಗ್‌ನಲ್ಲಿ ಮೊದಲ ಮನೆ ಕೊಂಡಿದ್ದು 2025ರ ಮಾರ್ಚ್‌ನಲ್ಲಿ, 3,80,000 ಪೌಂಡ್‌ಗೆ. ಮಾರ್ಚ್ 31ರವರೆಗೆ ಮೊದಲ ಸಲ ಮನೆ ಕೊಳ್ಳುವವರಿಗೆ 4,25,000 ಪೌಂಡ್ ತನಕ ಸ್ಟ್ಯಾಂಪ್ ಡ್ಯೂಟಿ ಇರಲಿಲ್ಲ. ಏಪ್ರಿಲ್ 1ರಿಂದ ಆ ಮಿತಿ 3,00,000ಕ್ಕೆ ಇಳಿಯಲಿತ್ತು. ಅದರ ಮೇಲಿನದಕ್ಕೆ ಶೇ 5. ಒಂದು ದಿನ ತಡವಾದರೂ ನಮ್ಮ ಕೈಯಿಂದ 4,000 ಪೌಂಡ್ ಹೋಗುತ್ತಿತ್ತು.

ಜನವರಿಯಲ್ಲಿ ಸಾಲಿಸಿಟರ್ (ಮನೆ ಕೊಳ್ಳುವ ಕಾನೂನು ಕೆಲಸ ನೋಡುವ ವಕೀಲರು) ಕಚೇರಿಯವರು, 300 ಪೌಂಡ್ ಜಾಸ್ತಿ ಕೊಟ್ಟರೆ ನಿಮ್ಮ ಫೈಲ್ ಮೊದಲು ನೋಡುತ್ತೇವೆ ಎಂದರು. ವ್ಯಾಟ್ ಸೇರಿ 360. ಊರಲ್ಲಿ ಮೇಜಿನ ಕೆಳಗೆ ಕೊಡುವ ದುಡ್ಡು ನೆನಪಾಗಿ ಹೆಂಡತಿ ಬೇಡ ಅಂದಳು. ಆದರೆ ಇದು ಬಿಲ್ಲಿನಲ್ಲೇ ಬರುವ ಶುಲ್ಕ. ಕೊಟ್ಟೆವು.

ಅದರಿಂದ ನಿಜವಾಗಿ ಸಿಕ್ಕ ಲಾಭ ಒಂದು. ಧಾರವಾಡದಿಂದ ಅಪ್ಪ ಕಳಿಸಿದ್ದ ದುಡ್ಡಿನ ದಾಖಲೆಗಳನ್ನು ಎರಡೇ ದಿನದಲ್ಲಿ ನೋಡಿ ಮುಗಿಸಿದರು. ಅಪ್ಪನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಇದು ಸಾಲವಲ್ಲ, ಉಡುಗೊರೆ ಅಂತ ಸಹಿ ಮಾಡಿದ ಪತ್ರ, ಎಲ್ಲ ಕೇಳಿದ್ದರು. ಊರಿಂದ ದುಡ್ಡು ತರಿಸುವವರು ಇವನ್ನು ಮನೆ ಹುಡುಕುವಾಗಲೇ ಜೋಡಿಸಿಡಿ.

ಸರ್ಚ್‌ಗೆ, ಅಂದರೆ ಮನೆಯ ಬಗ್ಗೆ ಕೌನ್ಸಿಲ್ (ಸ್ಥಳೀಯ ಆಡಳಿತ) ದಾಖಲೆಗಳಲ್ಲಿ ಏನಿದೆ ಅಂತ ಹುಡುಕಿಸುವುದಕ್ಕೆ, ಕೌನ್ಸಿಲ್‌ಗಾಗಿ ಕಾಯಲಿಲ್ಲ. ಖಾಸಗಿ ಸರ್ಚ್ ಕಂಪನಿಯವರು ಕೌನ್ಸಿಲ್ ದಾಖಲೆಗಳನ್ನೇ ನೋಡಿ ವರದಿ ಕೊಡುತ್ತಾರೆ. ಸಾಲ ಕೊಡುವ ಬ್ಯಾಂಕ್ ಅದನ್ನು ಒಪ್ಪುತ್ತದಾ ಅಂತ ಮೊದಲೇ ಕೇಳಿಕೊಂಡೆವು. ನಮಗೆ ದಿನ ಉಳಿದದ್ದು ಇಲ್ಲೇ ಜಾಸ್ತಿ.

ಆದರೆ ನಾವು ಕೊಟ್ಟ ದುಡ್ಡು, ಮನೆ ಮಾರುವವರ ಸಾಲಿಸಿಟರ್ ಮೇಜನ್ನು ಮುಟ್ಟುವುದಿಲ್ಲ, ಅಲ್ವಾ? ಫೆಬ್ರವರಿ ಪೂರ್ತಿ ಅವರ ಉತ್ತರಕ್ಕೇ ಕಾದೆವು. ಕೊನೆಗೆ ಗೊತ್ತಾಯಿತು: ಹಿಂಬದಿಗೆ ಕಟ್ಟಿದ್ದ ಕೋಣೆಗೆ, ಕಟ್ಟಡ ನಿಯಮದಂತೆ ಕಟ್ಟಿದೆ ಅಂತ ಕೊಡುವ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ ಇಲ್ಲ. ಕೌನ್ಸಿಲ್‌ಗೆ ನಾನೇ ಫೋನ್ ಮಾಡಿ ಕೇಳುತ್ತೇನೆ ಎಂದೆ. ನಮ್ಮ ಸಾಲಿಸಿಟರ್ ಗಾಬರಿಯಿಂದ ತಡೆದರು. ಒಮ್ಮೆ ಕೌನ್ಸಿಲ್ ಕಿವಿಗೆ ಬಿದ್ದರೆ, ಇಂಥ ಕೊರತೆಗೆ ಮಾಡಿಸುವ ಇಂಡೆಮ್ನಿಟಿ ವಿಮೆ ಸಿಗುವುದಿಲ್ಲವಂತೆ! ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ವಿಮೆಯ ದುಡ್ಡನ್ನು ಮಾರುವವರೇ ಕಟ್ಟಿದರು. ಆದರೆ ಆ ವಿಮೆ ಕೌನ್ಸಿಲ್ ಕ್ರಮದಿಂದ ಮಾತ್ರ ಕಾಯುತ್ತದೆ, ಗೋಡೆ ಬಿರುಕು ಬಿಟ್ಟರೆ ಬರುವುದಿಲ್ಲ. ಅದಕ್ಕೆ ಕಟ್ಟಡದ ಸ್ಥಿತಿ ಪರೀಕ್ಷಿಸುವ ಸರ್ವೇಯರ್‌ನನ್ನು ಮತ್ತೆ ಕರೆಸಿ ಆ ಕೋಣೆಯ ಗೋಡೆ, ಸೂರು ತೋರಿಸಿದೆವು.

ಮತ್ತೆ ಕೊಳ್ಳುವುದಾದರೆ ಸರ್ಚ್‌ಗೆ, ಸರ್ವೇಯರ್‌ಗೆ ಯೋಚಿಸದೆ ಕೊಡುತ್ತೇನೆ. ಫೈಲ್ ಮೊದಲು ನೋಡುವ ಶುಲ್ಕ ಕೊಡುವ ಮುನ್ನ, ಎಷ್ಟು ದಿನದಲ್ಲಿ ಏನು ಮಾಡುತ್ತೀರಿ, ಆಗದಿದ್ದರೆ ದುಡ್ಡು ವಾಪಸ್ ಬರುತ್ತದಾ ಅಂತ ಬರಹದಲ್ಲಿ ಕೇಳುತ್ತೇನೆ. ಈ ಸಲ ಕೇಳಿರಲಿಲ್ಲ.

ಮಾರ್ಚ್ 27, ಗುರುವಾರ ಕೀಲಿ ಸಿಕ್ಕಿತು. ಅದಕ್ಕೂ ವಾರ ಮೊದಲು ಅಡುಗೆಮನೆ ಮೇಜಿನ ಮೇಲೇ ವರ್ಗಾವಣೆ ಪತ್ರಕ್ಕೆ ಸಹಿ ಮಾಡಿದ್ದೆವು. ಸಾಕ್ಷಿಗೆ ಪಕ್ಕದ ಮನೆಯವರು ಬಂದಿದ್ದರು. ಆವತ್ತು ರಾತ್ರಿ ಅಪ್ಪ ಫೋನಿನಲ್ಲಿ, "ರಿಜಿಸ್ಟ್ರಾರ್ ಆಫೀಸಿಗೆ ಯಾವಾಗ ಹೋಗ್ತೀಯೋ?" ಅಂತ ಕೇಳುತ್ತಲೇ ಇದ್ದರು. ಇಲ್ಲಿ ಹೋಗೋದೇ ಬೇಡ ಅಂದರೆ ನಂಬಲೇ ಇಲ್ಲ.