ಕಡಿಮೆ ಬಜೆಟ್ಟಿನ ಎಡಿಟಿಂಗ್ ಕಂಪ್ಯೂಟರ್: ಅಂಗಡಿಗೆ ಹೋಗುವ ಮೊದಲು ಫೈಲ್ ನೋಡಿ

ವಿಡಿಯೊ ಎಡಿಟಿಂಗಿಗೆ ಕಂಪ್ಯೂಟರ್ ಬೇಕೆಂದು ಕೇಳಿದರೆ ಹೆಚ್ಚಾಗಿ ಸಿಗುವುದು ಗೇಮಿಂಗ್ ಕಂಪ್ಯೂಟರಿನ ಕೊಟೇಷನ್. ದೊಡ್ಡ ಗ್ರಾಫಿಕ್ಸ್ ಕಾರ್ಡ್, ಬಣ್ಣಬಣ್ಣದ ಫ್ಯಾನು, ಉಳಿದದ್ದೆಲ್ಲ ಅಗ್ಗದ್ದು. ಎಡಿಟಿಂಗಿನ ಲೆಕ್ಕವೇ ಬೇರೆ. ನಿಮ್ಮ ಕ್ಯಾಮೆರಾ ಕೊಡುವ ಫೈಲ್ ಯಾವ ಬಗೆಯದ್ದು ಎಂದು ತಿಳಿದ ಮೇಲೆಯೇ ಬಿಡಿಭಾಗ ಆರಿಸಬೇಕು.

ಮೊದಲ ಹೆಜ್ಜೆ ಅದೇ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಕ್ಲಿಪ್ ತೆರೆದು ಕೋಡೆಕ್ (ವಿಡಿಯೊ ಒತ್ತಿ ಚಿಕ್ಕದಾಗಿಸುವ ಬಗೆ), ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ), ಬಿಟ್ ಡೆಪ್ತ್ (ಬಣ್ಣದ ಛಾಯೆಗಳ ಸೂಕ್ಷ್ಮತೆ), ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿಸಿದೆ ಎಂಬ ಅಳತೆ) ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಈಗಿನ ಹಲವು ಕ್ಯಾಮೆರಾಗಳು ಎಚ್.265, 10 ಬಿಟ್, 4:2:2 ಫೈಲ್ ಕೊಡುತ್ತವೆ. ಇವನ್ನು ಬಿಡಿಸಲು ಕಂಪ್ಯೂಟರಿಗೆ ಹೆಚ್ಚು ಶ್ರಮ. ಟೈಮ್‌ಲೈನ್ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) ತಡವರಿಸುವುದು ಹೆಚ್ಚಾಗಿ ಇಲ್ಲಿಯೇ.

ಪ್ರೊಸೆಸರ್

ಇಂಟೆಲ್ 11ನೇ ತಲೆಮಾರಿನಿಂದ ಈಚೆಗಿನ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ಗಳು ಕ್ವಿಕ್ ಸಿಂಕ್ ಎಂಬ, ವಿಡಿಯೊಗೆಂದೇ ಇರುವ ಭಾಗದ ಮೂಲಕ ಇಂಥ ಫೈಲನ್ನು ಬಿಡಿಸುತ್ತವೆ. ಎನ್‌ವಿಡಿಯಾ ಕಾರ್ಡುಗಳಲ್ಲಿ 4:2:2ಕ್ಕೆ ಆ ಸೌಲಭ್ಯ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ ಮಾತ್ರ. ಹಾಗಾಗಿ ಇಂಟೆಲ್ 12ನೇ ತಲೆಮಾರಿನ ಐ5-12400 ಸಾಕು. ಆದರೆ 12400ಎಫ್ ಬೇಡ. ಆ 'ಎಫ್' ಇದ್ದರೆ ಒಳಗಿನ ಗ್ರಾಫಿಕ್ಸ್ ಇಲ್ಲವೆಂದೇ ಅರ್ಥ. ಸ್ವಲ್ಪ ದುಡ್ಡು ಉಳಿಸಲು ಹೋಗಿ ಬೇಕಾದ್ದನ್ನೇ ಬಿಟ್ಟಂತಾಗುತ್ತದೆ. ಎಡಿಟಿಂಗ್ ತಂತ್ರಾಂಶಗಳಲ್ಲಿ ಪ್ರೀಮಿಯರ್ ಪ್ರೊ ಕ್ವಿಕ್ ಸಿಂಕನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಈ ಅನುಕೂಲ ಪೂರ್ತಿ ಸಿಗದು. ಅದರಲ್ಲಿ ಕೆಲಸ ಮಾಡುವವರು ಪ್ರಾಕ್ಸಿ (ಎಡಿಟಿಂಗಿಗಷ್ಟೇ ಬಳಸುವ ಹಗುರ ನಕಲು) ಮಾಡಿಕೊಳ್ಳುವುದೇ ಲೇಸು.

ಮದರ್‌ಬೋರ್ಡ್ ಬಿ760 ಇರಲಿ: ನಾಲ್ಕು ರ‍್ಯಾಮ್ ಸ್ಲಾಟ್, ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಸ್ಲಾಟ್ ಇರುವುದನ್ನು ಕೇಳಿ. ಎಚ್610ರಲ್ಲಿ ರ‍್ಯಾಮ್‌ಗೆ ಎರಡೇ ಸ್ಲಾಟ್. ಬೋರ್ಡ್ ಡಿಡಿಆರ್4ರದ್ದೋ ಡಿಡಿಆರ್5ರದ್ದೋ ನೋಡಿಯೇ ರ‍್ಯಾಮ್ ಕೊಳ್ಳಿ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. 16 ಜಿಬಿಯ ಎರಡು ಸ್ಟಿಕ್ ಹಾಕಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಇವಕ್ಕೆ.

ಜಾಗದ ಲೆಕ್ಕ

ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ತಿನ್ನುತ್ತದೆ. ಇಡೀ ರಾತ್ರಿಯ ಯಕ್ಷಗಾನದ ಆಟವನ್ನು ಎಂಟು ಗಂಟೆ ಒಂದೇ ಕ್ಯಾಮೆರಾದಲ್ಲಿ ಹಿಡಿದರೆ 360 ಜಿಬಿ. ಚೆಂಡೆ-ಮದ್ದಳೆಯ ಕಡೆಗೊಂದು, ರಂಗದ ಬದಿಗೊಂದು ಎಂದು ಮೂರು ಇಟ್ಟರೆ 1 ಟಿಬಿ ದಾಟಿತು. ಆದ್ದರಿಂದ ವಿಂಡೋಸ್ ಮತ್ತು ತಂತ್ರಾಂಶಕ್ಕೆ 500 ಜಿಬಿ ಎನ್‌ವಿಎಂಇ (ಎಂ.2 ಸ್ಲಾಟಿಗೆ ಕೂರುವ ವೇಗದ ಎಸ್‌ಎಸ್‌ಡಿ), ನಡೆಯುತ್ತಿರುವ ಕೆಲಸಕ್ಕೆ ಬೇರೆಯೇ 1 ಅಥವಾ 2 ಟಿಬಿ ಎನ್‌ವಿಎಂಇ, ಮುಗಿದದ್ದಕ್ಕೆ ಹಾರ್ಡ್ ಡಿಸ್ಕ್. ತೀರಾ ಅಗ್ಗದ ಕ್ಯೂಎಲ್‌ಸಿ (ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುವ) ಬಗೆಯ ಎಸ್‌ಎಸ್‌ಡಿಯಲ್ಲಿ ಕ್ಯಾಶ್ (ಮೊದಲು ಬರೆದಿಡುವ ವೇಗದ ಜಾಗ) ತುಂಬಿದ ಮೇಲೆ ಬರೆಯುವ ವೇಗ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯಬಹುದು. ಕ್ಯಾಮೆರಾದ ದೊಡ್ಡ ಮೆಮೊರಿ ಕಾರ್ಡ್ ಖಾಲಿ ಮಾಡುವಾಗ ಅರ್ಧದಲ್ಲಿ ಕಾಪಿ ತೆವಳುವುದು ಇದರಿಂದಲೇ.

ಗ್ರಾಫಿಕ್ಸ್ ಕಾರ್ಡಿಗೆ ಉಳಿದ ದುಡ್ಡು. ಕತ್ತರಿಸಿ ಜೋಡಿಸುವ ಕೆಲಸವಷ್ಟೇ ಆದರೆ ಸದ್ಯಕ್ಕೆ ಕಾರ್ಡ್ ಇಲ್ಲದೆಯೂ ನಡೆದೀತು. ರಾತ್ರಿ ಬೆಳಕಿನ ಕೋಲ, ಬಯಲಾಟಗಳ ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು) ತೆಗೆಯುವುದು, ಬಣ್ಣ ತಿದ್ದುವುದು ಹೆಚ್ಚಿದ್ದರೆ ಮಾತ್ರ ಬೇಕು. ಆಗ ಕಾರ್ಡಿನ ಸ್ವಂತ ಮೆಮೊರಿ ಮುಖ್ಯ. 8 ಜಿಬಿಯ ಹೊಸ ಕಾರ್ಡಿಗಿಂತ ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ 4ಕೆ ಟೈಮ್‌ಲೈನಿನಲ್ಲಿ ಹೆಚ್ಚು ತಾಳುತ್ತದೆ.

ಕರೆಂಟು, ಸಿಡಿಲು, ಉಪ್ಪುಗಾಳಿ

ಮಂಗಳೂರು, ಉಡುಪಿಯಲ್ಲಿ ಹೆಚ್ಚು ಯೋಚಿಸಬೇಕಾದ್ದು ಇದನ್ನೇ. 3060 ಕಾರ್ಡ್ 170 ವಾಟ್, 12400 ಪೂರ್ತಿ ಓಡುವಾಗ 117 ವಾಟ್, ಉಳಿದ ಭಾಗ ಮತ್ತು ಮಾನಿಟರ್ ಸೇರಿ ಒಟ್ಟು 360 ವಾಟ್‌ ಆಸುಪಾಸು. ಎಸ್‌ಎಂಪಿಎಸ್ (ಬಿಡಿಭಾಗಗಳಿಗೆ ಕರೆಂಟು ಹಂಚುವ ಪೆಟ್ಟಿಗೆ) 550 ವಾಟ್, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಮುದ್ರೆಯದ್ದಿರಲಿ. ಕ್ಯಾಬಿನೆಟ್ಟಿನ ಜತೆ ಪುಕ್ಕಟೆ ಬರುವುದನ್ನು ನಂಬಬೇಡಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವಾಟ್ ಮಾತ್ರ. ರೆಂಡರ್ (ಮುಗಿದ ವಿಡಿಯೊ ಫೈಲಿನ ತಯಾರಿ) ನಡೆಯುವಾಗ ಕರೆಂಟು ಹೋದರೆ ಅದೂ ಓವರ್‌ಲೋಡ್ ಆಗಿ ಜತೆಗೇ ಆರುತ್ತದೆ. 1000 ವಿಎಗೆ ಕಡಿಮೆ ಬೇಡ. ಅರ್ಥಿಂಗ್ ಸರಿಯಿದೆಯೇ ಎಂದು ಇಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷಿಸಿಕೊಳ್ಳಿ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಜತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ.

ಮುಂಭಾಗ ಗಾಜಿನದ್ದಾದ ಕ್ಯಾಬಿನೆಟ್ ಚಂದ, ಆದರೆ ಏಪ್ರಿಲ್ ಸೆಕೆಗೆ ಜಾಲರಿಯದ್ದೇ ಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡದೆ ಆಗಾಗ ಒಂದು ಗಂಟೆ ಓಡಿಸಿ. ತೇವಕ್ಕೆ ರ‍್ಯಾಮ್‌ನ ಕಾಲುಗಳು ಮಂಕಾಗಿ ಸ್ಕ್ರೀನ್ ಬಾರದಿದ್ದರೆ, ಪ್ಲಗ್ ಕಿತ್ತು, ಸ್ಟಿಕ್ ಹೊರತೆಗೆದು, ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ.

ಜೋಡಿಸಿದ ಮೇಲೆ

ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಮಾಡಿ. ಕಾರ್ಡ್ ಹಾಕಿದರೆ ಕೆಲವು ಬೋರ್ಡುಗಳು ಒಳಗಿನ ಗ್ರಾಫಿಕ್ಸನ್ನು ತಾವಾಗಿಯೇ ಆಫ್ ಮಾಡುತ್ತವೆ. ಐಜಿಪಿಯು ಮಲ್ಟಿ ಮಾನಿಟರ್ ಎಂಬಂಥ ಹೆಸರಿನ ಆಯ್ಕೆ ಹುಡುಕಿ ಆನ್ ಮಾಡಬೇಕು. ಮಾನಿಟರಿನ ಕೇಬಲ್ ಕಾರ್ಡಿಗೆ ಇರಲಿ, ಮದರ್‌ಬೋರ್ಡಿಗಲ್ಲ. ಬಿಲ್ ಕೊಡುವ ಮೊದಲು ನಿಮ್ಮದೇ ಕ್ಲಿಪ್ ಓಡಿಸಿ, ಟಾಸ್ಕ್ ಮ್ಯಾನೇಜರಿನಲ್ಲಿ ಇಂಟೆಲ್ ಜಿಪಿಯುವಿನ 'ವಿಡಿಯೊ ಡಿಕೋಡ್' ಗೆರೆ ಏರುತ್ತದೆಯೇ ನೋಡಿ. ಅದು ಸೊನ್ನೆಯಲ್ಲೇ ಇದ್ದು ಪ್ರೊಸೆಸರ್ ನೂರಕ್ಕೆ ಮುಟ್ಟಿದರೆ ಮತ್ತೆ ಬಯೋಸಿಗೇ ಹೋಗಬೇಕು.