ಸಮಾಜವಾದ ಪರ್ಯಾಯವಾದೀತೇ? ಈ ಚರ್ಚೆಗೆ ತಯಾರಾಗುವ, ನಡೆಸುವ ಬಗೆ

‘ಬಂಡವಾಳಶಾಹಿಗೆ ಸಮಾಜವಾದ ಪರ್ಯಾಯವೇ?’ ಎಂದು ಬೋರ್ಡಿನ ಮೇಲೆ ಬರೆದು ಚರ್ಚೆ ಶುರು ಮಾಡಿದರೆ ಹತ್ತು ನಿಮಿಷದೊಳಗೆ ಅದು ರಷ್ಯಾ–ಅಮೆರಿಕ ಜಗಳಕ್ಕೆ ತಿರುಗುತ್ತದೆ. ಒಬ್ಬರು ಸ್ಟಾಲಿನ್ ಹೆಸರೆತ್ತುತ್ತಾರೆ, ಇನ್ನೊಬ್ಬರು ಕೋಟ್ಯಧೀಶರ ಹೆಸರೆತ್ತುತ್ತಾರೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ತಪ್ಪು ಮಾತನಾಡುವವರದಲ್ಲ, ವಿಷಯ ಬರೆದವರದು. ಯಾವ ಬಗೆಯ ಸಮಾಜವಾದ, ಎಷ್ಟು ಚೆನ್ನಾಗಿ ನಡೆದರೆ ‘ನಡೆಯಿತು’ ಅನ್ನಬೇಕು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಮೊದಲ ಕೆಲಸ ವಿಷಯವನ್ನು ತಿದ್ದಿ ಬರೆಯುವುದು. ಹೀಗೆ ಬರೆಯಿರಿ: ‘ದೊಡ್ಡ ಉದ್ದಿಮೆಗಳ ಒಡೆತನ ದುಡಿಯುವವರ ಅಥವಾ ಸಾರ್ವಜನಿಕರ ಕೈಯಲ್ಲಿದ್ದರೆ ಭಾರತದ ಆರ್ಥಿಕತೆ ಈಗಿನಷ್ಟಾದರೂ ಚೆನ್ನಾಗಿ ನಡೆಯುತ್ತದೆ.’

ಇಲ್ಲಿ ‘ಈಗಿನಷ್ಟಾದರೂ’ ಎಂಬ ಪದ ಬಿಡಬೇಡಿ. ಅದಿದ್ದರೆ ಪರ ತಂಡ ಸ್ವರ್ಗವನ್ನು ತೋರಿಸಬೇಕಿಲ್ಲ, ವಿರೋಧ ತಂಡ ಈಗಿರುವುದೆಲ್ಲ ಸರಿ ಎಂದು ಸಾಧಿಸಬೇಕಿಲ್ಲ. ಇಬ್ಬರೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ವ್ಯಾಖ್ಯೆಗೆ ಮಂಡಕ್ಕಿ ಭಟ್ಟಿ ಸಾಕು

‘ಉತ್ಪಾದನಾ ಸಾಧನಗಳ ಸಾಮಾಜಿಕ ಒಡೆತನ’ ಎಂದು ಬಾಯಿಪಾಠ ಒಪ್ಪಿಸಿದರೆ ಯಾರ ತಲೆಗೂ ಹೋಗುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದು, ಜರಡಿ ಹಿಡಿದು, ಚೀಲಕ್ಕೆ ತುಂಬುತ್ತಾರೆ. ಈಗ ನಾಲ್ಕು ಪ್ರಶ್ನೆ ಕೇಳಿ. ಒಲೆ, ಬಾಣಲೆ, ಜಾಗ ಯಾರದು? ಇವತ್ತು ಎಷ್ಟು ಚೀಲ ಹುರಿಯಬೇಕು ಎಂದು ಗೊತ್ತುಮಾಡುವವರು ಯಾರು? ಚೀಲದ ರೇಟು ಎಲ್ಲಿಂದ ಬರುತ್ತದೆ? ಮಳೆಗಾಲದಲ್ಲಿ ವ್ಯಾಪಾರ ಬಿದ್ದರೆ ನಷ್ಟ ಯಾರ ತಲೆಗೆ?

ಈ ನಾಲ್ಕು ಉತ್ತರಗಳಲ್ಲಿ ಬಂಡವಾಳಶಾಹಿಯೂ ಇದೆ, ಸಮಾಜವಾದದ ಬಗೆಗಳೂ ಇವೆ. ಒಡೆಯ ಒಬ್ಬ, ಹುರಿಯುವವರಿಗೆ ಕೂಲಿ, ರೇಟು ಮಾರುಕಟ್ಟೆಯದು, ಲಾಭ–ನಷ್ಟ ಒಡೆಯನದು ಎಂದಾದರೆ ಅದು ಬಂಡವಾಳಶಾಹಿ. ಭಟ್ಟಿಗಳೆಲ್ಲ ಸರ್ಕಾರದ್ದು, ಚೀಲದ ಲೆಕ್ಕವೂ ರೇಟೂ ಮೇಲಿನ ಕಚೇರಿಯಿಂದ ಬರುತ್ತದೆ ಎಂದಾದರೆ ಅದು ಸೋವಿಯತ್ ಮಾದರಿಯ ಕೇಂದ್ರ ಯೋಜನೆ. ಅಲ್ಲಿ ಗಾಸ್‌ಪ್ಲಾನ್ ಎಂಬ ಯೋಜನಾ ಸಂಸ್ಥೆ 1921ರಲ್ಲಿ ಹುಟ್ಟಿತು, ಮೊದಲ ಪಂಚವಾರ್ಷಿಕ ಯೋಜನೆ 1928ರಲ್ಲಿ ಶುರುವಾಯಿತು. ಭಟ್ಟಿ ಸಮಾಜದ ಸ್ವತ್ತು, ಆದರೆ ನಡೆಸುವುದು ಹುರಿಯುವವರ ಸಮಿತಿ, ಮಾರುವುದು ಸಂತೆಯಲ್ಲಿ ಎಂದಾದರೆ ಯುಗೊಸ್ಲಾವಿಯಾ 1950ರಿಂದ ನಡೆಸಿದ ಕಾರ್ಮಿಕ ಸ್ವ-ಆಡಳಿತಕ್ಕೆ ಹತ್ತಿರ. ಹುರಿಯುವವರೇ ಷೇರು ಹಾಕಿ ಒಡೆಯರಾದರೆ ಸಹಕಾರಿ. ಸ್ಪೇನಿನ ಬಾಸ್ಕ್ ಪ್ರದೇಶದ ಮೊಂಡ್ರಾಗನ್ ಇದರ ದೊಡ್ಡ ಉದಾಹರಣೆ. 1956ರಲ್ಲಿ ಸಣ್ಣ ಕಾರ್ಖಾನೆಯಾಗಿ ಹುಟ್ಟಿ ಈಗ ಹತ್ತಾರು ಸಾವಿರ ಜನರಿಗೆ ಕೆಲಸ ಕೊಟ್ಟಿದೆ.

ಪರ ತಂಡ ತನ್ನ ಮೊದಲ ಮಾತಿನಲ್ಲೇ ಇವುಗಳಲ್ಲಿ ಒಂದನ್ನು ಆರಿಸಿ ಹೇಳಲೇಬೇಕು. ಎಲ್ಲವನ್ನೂ ಬಗಲಲ್ಲಿ ಇಟ್ಟುಕೊಂಡು, ಏಟು ಬಿದ್ದಾಗ ಒಂದರಿಂದ ಇನ್ನೊಂದಕ್ಕೆ ಜಿಗಿಯಲು ಬಿಡಬಾರದು.

ಇಲ್ಲೇ ಎರಡು ಗೊಂದಲ ಕಳೆದುಕೊಳ್ಳಿ. ಸರ್ಕಾರ ಮಾಡಿದ್ದೆಲ್ಲ ಸಮಾಜವಾದವಲ್ಲ. ಹಿರಿಯೂರು ಸೀಮೆಗೆ ನೀರುಣಿಸುವ ವಾಣಿವಿಲಾಸ ಸಾಗರವನ್ನು, ಅಂದರೆ ಮಾರಿಕಣಿವೆಯನ್ನು, ಮೈಸೂರು ಅರಸರ ಸರ್ಕಾರ 1898ರಿಂದ 1907ರ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿಸಿತು. ರಾಜಪ್ರಭುತ್ವವೂ ಕೆರೆ ಕಟ್ಟುತ್ತದೆ. ಹಾಗೆಯೇ ಸ್ವೀಡನ್, ನಾರ್ವೆಗಳನ್ನು ಸಮಾಜವಾದಿ ದೇಶ ಎಂದು ತರಬೇಡಿ. ಸ್ವೀಡನ್ನಿನ ಕಾರ್ಖಾನೆಗಳು ಹೆಚ್ಚಿನವು ಖಾಸಗಿ. ತೆರಿಗೆ ಹೆಚ್ಚು, ಸೌಲಭ್ಯ ಹೆಚ್ಚು, ಅಷ್ಟೇ. ಅಲ್ಲಿ ಕಂಪನಿಗಳ ಲಾಭದಿಂದ ಷೇರು ಕೊಂಡು ನಿಧಾನಕ್ಕೆ ಒಡೆತನವನ್ನೇ ಕಾರ್ಮಿಕರ ನಿಧಿಗಳಿಗೆ ದಾಟಿಸುವ ಪ್ರಯತ್ನ 1984ರಲ್ಲಿ ಶುರುವಾಗಿ 1990ರ ದಶಕದ ಆರಂಭದಲ್ಲೇ ನಿಂತುಹೋಯಿತು. ಪರ ತಂಡಕ್ಕೆ ಸ್ವೀಡನ್ ಬೇಕೇ ಬೇಕಿದ್ದರೆ ಈ ನಿಧಿಗಳ ಕಥೆ ಓದಿಕೊಂಡು ಬರಲಿ.

ನೂರು ಚೀಟಿಯ ಅಭ್ಯಾಸ

ಚರ್ಚೆಗೆ ವಾರ ಮೊದಲು ಎರಡೂ ತಂಡ ಒಟ್ಟಿಗೆ ಕೂತು ಇದನ್ನು ಮಾಡಬೇಕು. ಬೇಕಾಗುವುದು ಆರು ಜನ, 100 ಕಾಗದದ ಚೀಟಿ, ಆಟದ ನೋಟು, ಅರ್ಧ ಗಂಟೆ. ಒಂದು ಚೀಟಿ ಅಂದರೆ ಒಂದು ಕ್ವಿಂಟಲ್ ಮೆಕ್ಕೆಜೋಳ.

ಐದು ಜನರಿಗೆ ಐದು ಪಾತ್ರ ಕೊಡಿ. ನಿಜವಾಗಿ ಎಷ್ಟು ಬೇಕು ಎಂಬುದನ್ನು ಗುಟ್ಟಾಗಿ ಬರೆದುಕೊಡಿ: ಕೋಳಿ ಆಹಾರದ ಗಿರಣಿಗೆ 40, ಸ್ಟಾರ್ಚ್ ಕಾರ್ಖಾನೆಗೆ 35, ಹೈನುಗಾರರಿಗೆ 20, ಹಂದಿ ಸಾಕುವವರಿಗೆ 15, ಕೂಲಿ ಕುಟುಂಬಗಳಿಗೆ 10. ಒಟ್ಟು 120. ಇರುವುದು 100. ಆರನೆಯವರು ಯೋಜನಾಧಿಕಾರಿ.

ಮೊದಲ ಸುತ್ತಿನಲ್ಲಿ ಎಲ್ಲರೂ ತಮಗೆ ಎಷ್ಟು ಬೇಕೆಂದು ಬರೆದು ಅಧಿಕಾರಿಗೆ ಕೊಡುತ್ತಾರೆ. ಕೊರತೆ ಇದೆ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದ 35 ಬೇಕಾದವರು 50 ಬರೆಯುತ್ತಾರೆ. ಕೇಳಿದ್ದರ ಮೊತ್ತ ಇರುವುದನ್ನು ಎಲ್ಲೋ ಮೀರಿ ಹೋಗುತ್ತದೆ, ಅಧಿಕಾರಿ ಎಲ್ಲರಿಗೂ ಸಮನಾಗಿ ಕಡಿತ ಮಾಡುತ್ತಾರೆ, ಸುಳ್ಳು ಹೇಳದವರಿಗೇ ಹೆಚ್ಚು ಪೆಟ್ಟು. ಅರ್ಥಶಾಸ್ತ್ರಜ್ಞ ಮೀಸಸ್ 1920ರಲ್ಲಿ, ಹಾಯೆಕ್ 1945ರಲ್ಲಿ ಎತ್ತಿದ ಆಕ್ಷೇಪದ ತಿರುಳು ಹೀಗೆ ಅಂಗೈಗೆ ಸಿಗುತ್ತದೆ: ಯಾರಿಗೆ ಎಷ್ಟು ಅಗತ್ಯ ಎಂಬ ತಿಳಿವಳಿಕೆ ಜನರಲ್ಲಿ ಚದುರಿಕೊಂಡಿದೆ, ಬೆಲೆ ಇಲ್ಲದೆ ಅದು ಕಚೇರಿಯ ಮೇಜಿಗೆ ಬರುವುದಿಲ್ಲ.

ಎರಡನೆಯ ಸುತ್ತಿನಲ್ಲಿ ಅಧಿಕಾರಿ ಸವಾಲು, ಅಂದರೆ ಹರಾಜು, ಕೂಗುವವರಾಗುತ್ತಾರೆ. ಗಿರಣಿಗೆ 1000, ಸ್ಟಾರ್ಚಿಗೆ 1400, ಹೈನಿಗೆ 400, ಹಂದಿಗೆ 250, ಕೂಲಿ ಕುಟುಂಬಗಳಿಗೆ 50 ರೂಪಾಯಿಯ ಆಟದ ನೋಟು ಕೊಡಿ. ಐದೈದು ಕ್ವಿಂಟಲಿನ 20 ಲಾಟು ಮಾಡಿ, ಕ್ವಿಂಟಲಿಗೆ 10 ರೂಪಾಯಿಯಿಂದ ಸವಾಲು ಶುರು ಮಾಡಿ. ಉಳಿದ ಹಣ ಅವರವರದೇ ಎಂದು ಮೊದಲೇ ಹೇಳಿ. ಹೇಳದಿದ್ದರೆ ಎಲ್ಲರೂ ಕಣ್ಣುಮುಚ್ಚಿ ಖರ್ಚು ಮಾಡಿ ಆಟ ಕೆಡುತ್ತದೆ. ಈ ಸಲ ಸುಳ್ಳು ಲೆಕ್ಕ ಬರೆಯುವವರು ಇಲ್ಲ. ಬೇಡವಾದ ಜೋಳಕ್ಕೆ ಯಾರೂ ಹಣ ಸುರಿಯುವುದಿಲ್ಲ. ಆದರೆ ರೇಟು 10 ದಾಟಿದ ಕೂಡಲೇ ಒಂದು ಲಾಟನ್ನೂ ಕೊಳ್ಳಲಾಗದೆ ಕೂಲಿ ಕುಟುಂಬ ಹೊರಗೆ ಬೀಳುತ್ತದೆ. ಅವರ ಹಸಿವು ಬೆಲೆಯೊಳಗೆ ದಾಖಲಾಗುವುದೇ ಇಲ್ಲ. ಜೇಬಿನಲ್ಲಿ ಹಣವಿಲ್ಲದವರ ಅಗತ್ಯ ಮಾರುಕಟ್ಟೆಗೆ ಕೇಳಿಸುವುದಿಲ್ಲ ಎಂಬ ಸಮಾಜವಾದಿಗಳ ಆಕ್ಷೇಪವೂ ಹೀಗೆ ಕಣ್ಣಿಗೆ ಕಾಣುತ್ತದೆ.

ಮೂರನೆಯ ಸುತ್ತಿನಲ್ಲಿ 10 ಕ್ವಿಂಟಲನ್ನು ಕೂಲಿ ಕುಟುಂಬಗಳಿಗೆ ಮೊದಲೇ ಎತ್ತಿಟ್ಟು ಉಳಿದ 18 ಲಾಟನ್ನು ಸವಾಲಿಗೆ ಹಾಕಿ. ಬಳಿಕ ಇದೊಂದೇ ಪ್ರಶ್ನೆ ಕೇಳಿ: ಇದು ಸಮಾಜವಾದವೋ, ರೇಷನ್ ಅಂಗಡಿ ಇರುವ ಬಂಡವಾಳಶಾಹಿಯೋ? ಉತ್ತರ ಹುಡುಕುವಾಗ ಒಡೆತನ ಮತ್ತು ಹಂಚಿಕೆ ಬೇರೆ ಬೇರೆ ಸಂಗತಿ ಎಂಬುದು ತಾನಾಗಿ ಹೊರಬರುತ್ತದೆ. ಪುಸ್ತಕ ಓದಿ ಒಂದು ತಿಂಗಳಲ್ಲಿ ಆಗದ ಕೆಲಸ ಈ ಅರ್ಧ ಗಂಟೆಯಲ್ಲಿ ಆಗುತ್ತದೆ. ಸಮಯವಿಲ್ಲ ಎಂದು ಬೇರೇನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಚೀಟಿ ಬರೆಯುವುದು

ಒಂದು ರಟ್ಟಿನ ಚೀಟಿಗೆ ಒಂದೇ ಸಂಗತಿ. ಮೇಲೆ ವಾದ, ಕೆಳಗೆ ಇಸವಿ–ಅಂಕಿ, ಹಿಂಬದಿಗೆ ಎದುರಾಳಿ ಕೊಡಬಹುದಾದ ಉತ್ತರ. ಹಿಂಬದಿ ಖಾಲಿ ಇರುವ ಚೀಟಿಯನ್ನು ವೇದಿಕೆಗೆ ಒಯ್ಯಬೇಡಿ. ಪ್ರತಿ ತಂಡಕ್ಕೆ 25 ಚೀಟಿ ಸಾಕು.

ಪರ ತಂಡ ಮೂರು ಕಠಿಣ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು. ಬೆಲೆಯದು ಮೊದಲನೆಯದು. ಇದಕ್ಕೆ ಪೋಲೆಂಡಿನ ಅರ್ಥಶಾಸ್ತ್ರಜ್ಞ ಆಸ್ಕರ್ ಲಾಂಗೆ 1930ರ ದಶಕದಲ್ಲಿ ಕೊಟ್ಟ ಉತ್ತರ ಓದಿಕೊಳ್ಳಿ: ಒಡೆತನ ಸಾರ್ವಜನಿಕವಾಗಿದ್ದರೂ ದಾಸ್ತಾನು ಹೆಚ್ಚಾದರೆ ಬೆಲೆ ಇಳಿಸುತ್ತ, ಕೊರತೆಯಾದರೆ ಏರಿಸುತ್ತ ಹೋಗಬಹುದು. ಎರಡನೆಯದು, ಸೋತ ಕಾರ್ಖಾನೆಯನ್ನು ಮುಚ್ಚುವವರು ಯಾರು? ಹಂಗೇರಿಯ ಅರ್ಥಶಾಸ್ತ್ರಜ್ಞ ಕೊರ್ನಾಯ್ ತೋರಿಸಿದ ರೋಗ ಇದು. ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ ಎಂದು ಗೊತ್ತಿದ್ದರೆ ವ್ಯವಸ್ಥಾಪಕರಿಗೆ ಖರ್ಚಿನ ಮೇಲೆ ಹಿಡಿತ ಇರುವುದಿಲ್ಲ. ಮೂರನೆಯದು ಇವೆರಡಕ್ಕಿಂತ ಭಾರವಾದದ್ದು: ಕೆಲಸ ಕೊಡುವವರೂ ಪೊಲೀಸರನ್ನು ಕಳಿಸುವವರೂ ಒಬ್ಬರೇ ಆದಾಗ ಎದುರು ಮಾತನಾಡಿದವರ ಗತಿ ಏನು?

ವಿರೋಧ ತಂಡಕ್ಕೂ ಹಗುರ ದಾರಿ ಇಲ್ಲ. 1929ರ ಷೇರುಪೇಟೆ ಕುಸಿತದ ಬಳಿಕ, 1933ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿರಲಿಲ್ಲ. 2008ರಲ್ಲಿ ದೊಡ್ಡ ಖಾಸಗಿ ಬ್ಯಾಂಕುಗಳನ್ನು ಉಳಿಸಿದ್ದು ಸರ್ಕಾರದ ಹಣ. ಅಂದರೆ ನಷ್ಟ ತುಂಬಿಕೊಡುವ ರೋಗ ಅಲ್ಲಿಯೂ ಇದೆ. ಇನ್ನೊಂದು, ಬಂಡವಾಳ ಹುಟ್ಟಿನಿಂದ ಬರುತ್ತದೆ. ಜಾತಿ, ಜಮೀನು, ಮನೆತನದ ಹಣ ಇಲ್ಲದವರಿಗೆ ‘ಸ್ಪರ್ಧೆ ಎಲ್ಲರಿಗೂ ಒಂದೇ’ ಎಂದು ಹೇಳುವುದು ಹೇಗೆ? ಇದಕ್ಕೆ ಉತ್ತರವಿಲ್ಲದೆ ವೇದಿಕೆ ಹತ್ತಬಾರದು.

ಸಾವಿನ ಲೆಕ್ಕದ ಪೈಪೋಟಿಗೆ ಇಳಿಯಬೇಡಿ. 1932–33ರ ಸೋವಿಯತ್ ಕ್ಷಾಮ, 1959–61ರ ಚೀನಾದ ಕ್ಷಾಮ, 1943ರ ಬಂಗಾಳದ ಕ್ಷಾಮ, ಇವನ್ನು ಎತ್ತುವುದಾದರೆ ಧಾನ್ಯ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಏಕೆ ಎಂಬುದನ್ನೂ ಹೇಳಬೇಕು. ಕೋಟ್ಯಂತರ ಜನರ ಹಸಿವನ್ನು ಅಂಕಿಯಾಗಿ ಎಸೆದು ಅಂಕ ಗಳಿಸುವುದು ಸರಿಯಲ್ಲ. ಚೀನಾ ಇಬ್ಬರಿಗೂ ಬೇಕಾದ ದೇಶ. 1978ರ ಬಳಿಕ ಮಾರುಕಟ್ಟೆ ತೆರೆಯಿತು ಎಂದು ವಿರೋಧದವರು, ದೊಡ್ಡ ಬ್ಯಾಂಕುಗಳು ಇಂದಿಗೂ ಸರ್ಕಾರದ್ದು, ಹೊಲದ ಒಡೆತನ ಇಂದಿಗೂ ಊರಿನ ಸಮುದಾಯದ್ದು ಎಂದು ಪರದವರು. ಎರಡೂ ನಿಜ. ಯಾವುದು ಎಷ್ಟು ಕಾರಣ ಎಂಬುದೇ ವಾದ.

ನಮ್ಮ ಸೀಮೆಯ ಸಾಕ್ಷಿ

ದೂರದ ದೇಶಕ್ಕಿಂತ ಇಲ್ಲಿಯ ಸಾಕ್ಷಿಗೆ ತೂಕ ಹೆಚ್ಚು, ಏಕೆಂದರೆ ಸಭಿಕರು ಅದನ್ನು ತಾವೇ ಪರೀಕ್ಷಿಸಬಲ್ಲರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಮಾಡಿದ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಖಾಸಗಿ ಬಂಡವಾಳ ಲಾಭ ನಿಂತ ಕೂಡಲೇ ಜನರನ್ನು ಬೀದಿಗೆ ಬಿಟ್ಟಿತು ಎಂದು ಪರ ತಂಡ ಹೇಳುತ್ತದೆ. ಆಗ ವಿರೋಧ ತಂಡ ತೋಳಹುಣಸೆಯ ಯಲ್ಲಮ್ಮ ಮಿಲ್ಲಿನ ಚೀಟಿ ತೆಗೆಯಬೇಕು. 1974ರ ರಾಷ್ಟ್ರೀಕರಣ ಕಾಯ್ದೆಯಡಿ ಅದು ಸರ್ಕಾರದ ಕೈಗೆ ಬಂದಿತ್ತು, ಅದೂ ಮುಚ್ಚಿತು. ಪರ ತಂಡದ ಮರುತ್ತರ: ಸರ್ಕಾರಕ್ಕೆ ಸಿಕ್ಕಿದ್ದೇ ರೋಗಗ್ರಸ್ತ ಗಿರಣಿಗಳು, ಮತ್ತು ಅಲ್ಲಿ ದುಡಿಯುವವರಿಗೆ ಆಡಳಿತ ಸಿಗಲಿಲ್ಲ. ಇಲ್ಲಿಂದ ಚರ್ಚೆಗೆ ಕಾವು ಬರುತ್ತದೆ. ಗಿರಣಿ ಕಾರ್ಮಿಕರ ಬಲದಿಂದ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ 1978, 1983, 1985ರಲ್ಲಿ ದಾವಣಗೆರೆಯ ಶಾಸಕರಾದರು ಎಂಬುದನ್ನೂ ಕೆಲವರು ತರುತ್ತಾರೆ. ಅದು ಜನರ ಒಲವಿಗೆ ಸಾಕ್ಷಿ, ಆರ್ಥಿಕ ವ್ಯವಸ್ಥೆ ನಡೆಯುತ್ತದೆ ಎಂಬುದಕ್ಕಲ್ಲ. ತೀರ್ಪುಗಾರರು ಈ ವ್ಯತ್ಯಾಸ ಗುರುತಿಸಬೇಕು.

ದೇವರಾಜ ಅರಸರ ಭೂಸುಧಾರಣೆಯನ್ನು ಸಮಾಜವಾದ ಎಂದೇ ಹಲವರು ಹೇಳುತ್ತಾರೆ. 1974ರ ತಿದ್ದುಪಡಿಯ ಬಳಿಕ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಜಮೀನಿನ ಒಡೆಯರಾದರು. ಗಮನಿಸಿ, ಪಹಣಿಯಲ್ಲಿ ಬಂದದ್ದು ಅವರದೇ ಸ್ವಂತ ಹೆಸರು. ಹೊಲ ಸಾಮೂಹಿಕವಾಗಲಿಲ್ಲ, ಖಾಸಗಿ ಒಡೆತನ ಇದ್ದವರಿಂದ ದುಡಿದವರಿಗೆ ಹೋಯಿತು. ಇದು ಪರ ತಂಡದ ನ್ಯಾಯದ ವಾದಕ್ಕೂ ವಿರೋಧ ತಂಡದ ‘ಸ್ವಂತದ್ದಾದರೆ ಜನ ಮೈಮುರಿದು ದುಡಿಯುತ್ತಾರೆ’ ಎಂಬ ವಾದಕ್ಕೂ ಒದಗುತ್ತದೆ. ಮೊದಲು ಬಳಸಿದವರಿಗೆ ಲಾಭ.

ಇರುವುದರಲ್ಲಿ ಗಟ್ಟಿ ಸಾಕ್ಷಿ ಊರಿನ ಹಾಲಿನ ಡೇರಿ. ಬೆಳಿಗ್ಗೆ ಕ್ಯಾನಿನ ಹಾಲು ಅಳೆದು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ, ಪುಸ್ತಕದಲ್ಲಿ ಬರೆದುಕೊಡುತ್ತಾರೆ. ಸಂಘ ಹಾಲು ಹಾಕುವವರದು, ಸಂಘಗಳ ಮೇಲೆ ಶಿವಮೊಗ್ಗ–ದಾವಣಗೆರೆ–ಚಿತ್ರದುರ್ಗದ ಶಿಮುಲ್ ಹಾಲು ಒಕ್ಕೂಟ, ಅದರ ಮೇಲೆ ರಾಜ್ಯಮಟ್ಟದ ಮಹಾಮಂಡಳ ಕೆಎಂಎಫ್. ಒಡೆತನ ಉತ್ಪಾದಕರದು, ಮಾರುವುದು ಖಾಸಗಿ ಡೇರಿಗಳ ಪೈಪೋಟಿಯಲ್ಲಿ. ಪರ ತಂಡಕ್ಕೆ ಇದಕ್ಕಿಂತ ಒಳ್ಳೆಯ ಚೀಟಿ ಇಲ್ಲ. ಅದರ ಹಿಂಬದಿಗೆ ಮೂರು ಸಾಲು ಬರೆದುಕೊಳ್ಳಿ: ಹಸು ಖಾಸಗಿ, ಸರ್ಕಾರದ ಪ್ರೋತ್ಸಾಹಧನ ಇದೆ, ಡೇರಿಯಲ್ಲಿ ಸಂಬಳಕ್ಕೆ ದುಡಿಯುವವರು ಒಡೆಯರಲ್ಲ. ಸಹಕಾರಿಯೂ ಮುಳುಗಬಹುದು ಎಂಬುದಕ್ಕೆ ಮೊಂಡ್ರಾಗನ್ ಬಳಗದ ಫಾಗೋರ್ ಗೃಹೋಪಯೋಗಿ ಯಂತ್ರಗಳ ಕಂಪನಿ 2013ರಲ್ಲಿ ದಿವಾಳಿಯಾದದ್ದು ಸಾಕ್ಷಿ.

ಸಮಯ, ಅಂಕ, ಮತ

ಒಂದೊಂದು ಕಾಲೇಜಿನಿಂದ ಒಬ್ಬರು ಪರ, ಒಬ್ಬರು ವಿರೋಧ ಬಂದು ತಲಾ ನಾಲ್ಕು ನಿಮಿಷ ಮಾತನಾಡಿ ಇಳಿಯುವ ಪದ್ಧತಿ ಈ ವಿಷಯಕ್ಕೆ ಒಗ್ಗದು. ಅದು ಸಾಲುಭಾಷಣ, ಯಾರೂ ಯಾರಿಗೂ ಉತ್ತರಿಸುವುದಿಲ್ಲ. ತಲಾ ಮೂವರ ಎರಡು ತಂಡ ಮಾಡಿ. ಮೊದಲ ಭಾಷಣಕಾರರಿಗೆ 6 ನಿಮಿಷ, ಇಳಿಯುವ ಮೊದಲು ಎದುರು ತಂಡದಿಂದ 3 ನಿಮಿಷ ಪಾಟೀಸವಾಲು. ಎರಡನೆಯವರಿಗೆ 5 ನಿಮಿಷ, ಬಳಿಕ ಸಭಿಕರಿಗೆ 12 ನಿಮಿಷ. ಕೊನೆಯವರಿಗೆ 4 ನಿಮಿಷ, ವಿರೋಧ ಮೊದಲು, ಪರ ಆಮೇಲೆ. ಕೊನೆಯ ಸರದಿಯಲ್ಲಿ ಹೊಸ ಸಂಗತಿ ತಂದರೆ ಲೆಕ್ಕಕ್ಕಿಲ್ಲ. ಒಟ್ಟು 48 ನಿಮಿಷ.

ನೂರು ಅಂಕದಲ್ಲಿ ವ್ಯಾಖ್ಯೆಗೆ 15, ‘ಹೇಗೆ ನಡೆಯುತ್ತದೆ’ ಎಂಬ ವಿವರಣೆಗೆ 30, ಸಂಗತಿಗಳಿಗೆ 20, ಎದುರಾಳಿಗೆ ಉತ್ತರಿಸಿದ್ದಕ್ಕೆ 25, ಭಾಷೆಗೆ 10. ಭಾಷೆಗೆ ಹೆಚ್ಚು ಕೊಟ್ಟರೆ ವಚನ ಹೇಳಿ ಚಪ್ಪಾಳೆ ಗಿಟ್ಟಿಸಿದವರು ಗೆಲ್ಲುತ್ತಾರೆ.

ಸಭಿಕರ ಮತ ಎರಡು ಸಲ ತೆಗೆದುಕೊಳ್ಳಿ. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಒಂದೇ ಸಂಖ್ಯೆಯ ಎರಡು ಚೀಟಿ ಕೊಡಿ, ಹೆಸರು ಬೇಡ. ಒಂದನ್ನು ಚರ್ಚೆಗೆ ಮುನ್ನ, ಇನ್ನೊಂದನ್ನು ಮುಗಿದ ಮೇಲೆ ಡಬ್ಬಿಗೆ ಹಾಕಲಿ. ಎಣಿಸುವಾಗ ಸಂಖ್ಯೆ ಜೋಡಿಸಿ ನಾಲ್ಕು ಗುಡ್ಡೆ ಮಾಡಿ: ಪರದಲ್ಲೇ ಉಳಿದವರು, ವಿರೋಧದಲ್ಲೇ ಉಳಿದವರು, ಪರದಿಂದ ಹೋದವರು, ಪರಕ್ಕೆ ಬಂದವರು. ಬರೀ ಮೊತ್ತ ನೋಡಿದರೆ ಹತ್ತು ಜನ ಆಚೆ, ಹತ್ತು ಜನ ಈಚೆ ಆದದ್ದು ಕಾಣುವುದೇ ಇಲ್ಲ. ಎರಡನೆಯ ಚೀಟಿಯಲ್ಲಿ ‘ಯಾವ ಮಾತಿನಿಂದ ಮನಸ್ಸು ಬದಲಾಯಿತು?’ ಎಂದು ಒಂದು ಸಾಲಿನ ಜಾಗ ಬಿಟ್ಟಿರಿ. ಬಂದ ಉತ್ತರಗಳನ್ನು ಎರಡೂ ತಂಡಕ್ಕೆ ಅದೇ ಸಂಜೆ ಕೊಡಿ. ಮುಂದಿನ ಚರ್ಚೆಯ ಚೀಟಿಗಳ ಹಿಂಬದಿ ತುಂಬಲು ಅವು ಬೇಕಾಗುತ್ತವೆ.