ಅಮೆರಿಕದಲ್ಲಿ ಮನೆ ಮಾರುವ ಮುಂಚೆ ಅಂಗಳ ನೋಡಿ

ನಮ್ಮ ಮೂಡಿಗೆರೆ ಕಡೆ ತೋಟ ನೋಡಲು ಬಂದವರು ಕೇಳುವುದು ಇಷ್ಟೇ: ಎಕರೆಗೆ ಎಷ್ಟು ಮೂಟೆ ಕಾಫಿ, ಮೆಣಸು ಹೇಗೆ, ನೀರಿದೆಯಾ, ಪಹಣಿ ಸರಿಯಿದೆಯಾ. ಮನೆ ಮುಂದಿನ ಹುಲ್ಲನ್ನು ಯಾರೂ ನೋಡುವುದಿಲ್ಲ. ಒಹಾಯೋದಲ್ಲಿ ನಾನು ಮನೆ ಮಾರಲು ಹೊರಟಾಗ ಏಜೆಂಟ್ ಎತ್ತಿದ ಮೊದಲ ಮಾತೇ ಹುಲ್ಲಿನದು. ಈಗ ತಂಗಿ ಮಗ ಅಲ್ಲಿಂದ ಫೋನ್ ಮಾಡಿ, ಮನೆ ಮಾರುವ ಮುಂಚೆ ಅಂಗಳಕ್ಕೆ ಏನು ಮಾಡಿಸಬೇಕು ಅಂತ ಕೇಳುತ್ತಿದ್ದಾನೆ. ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಅಲ್ಲಿ ಕೊಳ್ಳುವವರು ಮನೆಯನ್ನು ಮೊದಲು ನೋಡುವುದು ಫೋನಿನಲ್ಲಿ. ಮೊದಲ ಫೋಟೋ ಸಾಮಾನ್ಯವಾಗಿ ರಸ್ತೆಯಿಂದ ತೆಗೆದದ್ದು. ಅಂಗಳ ಕಾಡಾಗಿದ್ದರೆ, 'ಒಳಗೂ ಹೀಗೇ ಇಟ್ಟಿರಬೇಕು' ಅಂದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಆದರೆ ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕ್, ಮನೆಗೆ ಬೆಲೆ ಕಟ್ಟಲು ಕಳಿಸುವ ಅಪ್ರೈಸರ್ ಲೆಕ್ಕವೇ ಬೇರೆ. ಅವರು ಹತ್ತಿರದಲ್ಲಿ ಈಚೆಗೆ ಮಾರಾಟವಾದ ಅಂಥದ್ದೇ ಮನೆಗಳ ಜೊತೆ ಹೋಲಿಸುತ್ತಾರೆ. ನಿಮ್ಮ ಗುಲಾಬಿ ಸಾಲಿಗೆ ಬೇರೆಯಾಗಿ ಬೆಲೆ ಕಟ್ಟುವುದು ಅಪರೂಪ. ಅಂದರೆ ಅಂಗಳ ಜನರನ್ನು ಕರೆತರುತ್ತದೆ, ಹಾಕಿದ ದುಡ್ಡನ್ನೆಲ್ಲ ವಾಪಸ್ ತರುತ್ತದೆ ಅನ್ನುವಂತಿಲ್ಲ. ಮಾರುವ ಎರಡು ತಿಂಗಳ ಮುಂಚೆ ಸಾಲ ಮಾಡಿ ಕಾರಂಜಿ, ಕಲ್ಲಿನ ಹಾಸು ಹಾಕಿಸುವುದು ನನ್ನ ಪ್ರಕಾರ ದಡ್ಡತನ.

ಹಾಗಾದರೆ ಮಾಡಬೇಕಾದದ್ದೇನು? ಹುಲ್ಲು ಕತ್ತರಿಸಿ, ಅಂಚು ನೇರ ಮಾಡಿ. ಕಿಟಕಿ ಮುಚ್ಚಿದ ಪೊದೆಗಳಿಗೆ ಒಂದು ಕಪಾತು ಕೊಡಿ. ಗಿಡದ ಬುಡಕ್ಕೆ ಎರಡು ಮೂರು ಇಂಚು ಮಲ್ಚ್ (ತೊಗಟೆ ಚೂರಿನಂಥ ಹೊದಿಕೆ) ಸಾಕು. ಕಾಂಡಕ್ಕೆ ಗುಡ್ಡೆ ಹಾಕಬೇಡಿ, ತೊಗಟೆ ಕೊಳೆಯುತ್ತದೆ. ಕಾಫಿ ಗಿಡ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾ!

ಇದಕ್ಕಿಂತ ದೊಡ್ಡ ವಿಷಯ ನೀರು. ಮನೆ ಪರೀಕ್ಷಿಸಲು ಕೊಳ್ಳುವವರು ಕರೆತರುವ ಇನ್‌ಸ್ಪೆಕ್ಟರ್, ಮಳೆನೀರು ಪಾಯದ ಕಡೆ ಹರಿಯುತ್ತಾ ಅಂತ ಖಂಡಿತ ನೋಡುತ್ತಾರೆ. ಗೋಡೆಯಿಂದ ಮೊದಲ 10 ಅಡಿಯಲ್ಲಿ ನೆಲ 6 ಇಂಚು ಇಳಿದಿರಬೇಕು ಎಂಬುದು ಅಲ್ಲಿನ ಮಾದರಿ ಕಟ್ಟಡ ನಿಯಮ. ನಾವು ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುತ್ತೇವಲ್ಲ, ಅದೇ ಬುದ್ಧಿ. ಹೂವಿಗೆ ಹಾಕುವ ದುಡ್ಡನ್ನು ಮೊದಲು ಇಲ್ಲಿ ಹಾಕಿ. ಬೇಸ್‌ಮೆಂಟ್‌ನಲ್ಲಿ ತೇವ ಕಂಡರೆ ಯಾವ ಹೂವೂ ನಿಮ್ಮನ್ನು ಉಳಿಸುವುದಿಲ್ಲ.

ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ, ನೆಲದಡಿಯ ಪೈಪು, ತಂತಿ ಎಲ್ಲಿವೆ ಅಂತ ತಿಳಿಯಲು ಇರುವ ನಂಬರ್ ಅದು. ಇದು ಪುಕ್ಕಟೆ. ಕೆಲವು ದಿನಗಳಲ್ಲಿ ಬಂದು ಗುರುತು ಹಾಕುತ್ತಾರೆ: ಗ್ಯಾಸಿಗೆ ಹಳದಿ, ಕರೆಂಟಿಗೆ ಕೆಂಪು, ಕುಡಿಯುವ ನೀರಿಗೆ ನೀಲಿ.

ಇನ್ನು ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ. ಬಡಾವಣೆಯ ಈ ಸಂಘಕ್ಕೆ ನಿಮ್ಮ ಬೇಲಿ, ಮರ, ಬಾಗಿಲಿನ ಬಣ್ಣದ ಮೇಲೂ ಹಕ್ಕಿರಬಹುದು. ನಾನು ಮುಂದಿನ ಅಂಗಳದಲ್ಲಿ ಬಸಳೆಗೆ ಚಪ್ಪರ ಹಾಕಿ ಹದಿನೈದೇ ದಿನಕ್ಕೆ ನೋಟಿಸ್ ಬಂತು. 'ಅನುಮತಿಯಿಲ್ಲದ ಕಟ್ಟಡ'ವಂತೆ! ನನ್ನ ಹೆಂಡತಿ ಒಂದು ವಾರ ನಕ್ಕಳು. ಚಪ್ಪರ ಹಿತ್ತಲಿಗೆ ಹೋಯಿತು. ಇಂಥ ತಕರಾರು ಬಾಕಿಯಿದ್ದರೆ ಮನೆ ಮಾರುವಾಗ ಸಂಘ ಕೊಡುವ ಕಾಗದದಲ್ಲಿ ಕಾಣಿಸಿಕೊಳ್ಳಬಹುದು, ಹಾಗಾಗಿ ಮುಂಚೆಯೇ ಬಗೆಹರಿಸಿಕೊಳ್ಳಿ. ಸಂಘ ಇಲ್ಲದ ಕಡೆಯೂ ಹುಲ್ಲು ಜಾಸ್ತಿ ಬೆಳೆದರೆ ಊರಾಡಳಿತದ ನೋಟಿಸ್ ಬರಬಹುದು.

ರಸೀದಿಗಳನ್ನು ಎತ್ತಿಡಿ. ಗಿಡ ನೆಡಿಸಿದ್ದು, ಬೇಲಿ, ತಡೆಗೋಡೆ ಇವುಗಳ ಖರ್ಚನ್ನು ಮನೆ ಕೊಂಡ ಬೆಲೆಗೆ ಸೇರಿಸಬಹುದು, ಆಗ ತೆರಿಗೆಯ ಲೆಕ್ಕಕ್ಕೆ ಲಾಭ ಕಡಿಮೆಯಾಗುತ್ತದೆ. ಹುಲ್ಲು ಕತ್ತರಿಸಿದ ಕೂಲಿ ಸೇರುವುದಿಲ್ಲ. ಹಿಂದಿನ 5 ವರ್ಷದಲ್ಲಿ 2 ವರ್ಷ ಅಲ್ಲೇ ವಾಸವಿದ್ದರೆ, ಸಾಮಾನ್ಯವಾಗಿ ಒಬ್ಬರಿಗೆ 2,50,000 ಡಾಲರ್, ಜೊತೆಯಾಗಿ ತೆರಿಗೆ ಸಲ್ಲಿಸುವ ಗಂಡ ಹೆಂಡತಿಗೆ 5,00,000 ಡಾಲರ್‌ವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ.

ಕೊನೆಗೆ, ನಮ್ಮವರು ಮರೆಯುವ ಒಂದು ವಿಷಯ. ನೆಲದಲ್ಲಿ ಬೇರು ಬಿಟ್ಟ ಗಿಡ ಮನೆಯ ಜೊತೆಗೇ ಮಾರಾಟವಾದಂತೆ. ಕುಂಡದಲ್ಲಿರುವುದು ನಿಮ್ಮದು. ಯಾವುದಾದರೂ ಗಿಡ ಕಿತ್ತು ಒಯ್ಯಬೇಕಿದ್ದರೆ ಕರಾರಿನಲ್ಲೇ ಬರೆಸಿ. ದುಂಡುಮಲ್ಲಿಗೆ ಒಹಾಯೋ ಚಳಿಗೆ ಹೊರಗೆ ಬದುಕುವುದಿಲ್ಲ, ಅದು ಹೇಗೂ ಕುಂಡದಲ್ಲೇ ಇರುತ್ತದೆ. ಕರಿಬೇವಿನದು ಬೇರೆ ಕಥೆ. ನಿಂಬೆ, ಕಿತ್ತಳೆ ಗಿಡಗಳ ರೋಗ ಹರಡುವ ಕೀಟ ಅದರಲ್ಲೂ ಕೂರುತ್ತದೆ. ಅದಕ್ಕೇ ಫ್ಲಾರಿಡಾ, ಕ್ಯಾಲಿಫೋರ್ನಿಯಾದಂಥ ಕಡೆಯಿಂದ ಅದನ್ನು ಹೊರಗೆ ಸಾಗಿಸಲು ನಿರ್ಬಂಧವಿದೆ. ಕಾರಿನ ಹಿಂದೆ ಇಟ್ಟುಕೊಂಡು ಹೊರಡುವ ಮುಂಚೆ ಆ ರಾಜ್ಯದ ಕೃಷಿ ಇಲಾಖೆಯನ್ನು ಕೇಳಿ.